ಕಾರವಾರದಲ್ಲಿ ಬಿಎಸ್ಸಿ ಓದಿ ನಕ್ಷತ್ರಗಳ ಕಾಂತಕ್ಷೇತ್ರದ ಸಂಶೋಧನೆಗೆ ಹೋಗಬಹುದೇ?

ಸದಾಶಿವಗಡದ ಹುಡುಗ
ಬಿಎಸ್ಸಿ ಕೊನೇ ವರ್ಷ, ಫಿಸಿಕ್ಸ್-ಮ್ಯಾಥ್ಸ್. ನಕ್ಷತ್ರಗಳ ಕಾಂತಕ್ಷೇತ್ರದ ಮೇಲೆ ಕೆಲಸ ಮಾಡಬೇಕೆಂಬ ಆಸೆ. ಕಾಲೇಜಿನಲ್ಲಿ ದೂರದರ್ಶಕವಿಲ್ಲ, ಮನೆಯಲ್ಲಿ ಬಿಎಡ್ ಮಾಡು ಅಂತಾರೆ. ಈ ದಾರಿ ಹಿಡಿದವರು ಯಾರಾದರೂ ಇದ್ದೀರಾ? ಎಲ್ಲಿಂದ ಶುರು ಮಾಡಲಿ?

ಅಂಕೋಲೆಯವಳು
ತಮ್ಮಾ, ನಾನು ಪಿಎಚ್‌ಡಿ ಮುಗಿಸಿ ಎರಡು ವರ್ಷವಾಯಿತು. ನನ್ನನ್ನು ಇದಕ್ಕೆ ಹಚ್ಚಿದ್ದು ಆಯಿಯ ಒಂದು ಮಾತು. 1980ರ ಫೆಬ್ರವರಿ 16ರಂದು ನಮ್ಮೂರಲ್ಲಿ ಖಗ್ರಾಸ ಸೂರ್ಯಗ್ರಹಣ. ಮನೆಯವರೆಲ್ಲ ಬಾಗಿಲು ಹಾಕಿ ಕೂತಿದ್ದರಂತೆ. ಹತ್ತು ವರ್ಷದ ಆಯಿ ಹಿತ್ತಿಲಿಗೆ ಓಡಿದಳು. "ಕಪ್ಪು ಸೂರ್ಯನ ಸುತ್ತ ಎಲ್ಲಾ ಬದಿಗೂ ಬೆಳ್ಳಿ ಕೂದಲು ನಿಂತಿತ್ತು" ಅಂತ ಈಗಲೂ ಹೇಳ್ತಾಳೆ. ಎಂಎಸ್ಸಿಗೆ ಬಂದಾಗ ತಿಳಿಯಿತು: ಅದು ಸೂರ್ಯನ ಚಟುವಟಿಕೆ ಏರಿದ್ದ ಕಾಲ, ಅಂಥ ಕಾಲದಲ್ಲಿ ಕರೋನಾ, ಅಂದರೆ ಸೂರ್ಯನ ಹೊರ ವಾತಾವರಣ, ಸುತ್ತಲೂ ಹರಡಿಕೊಳ್ಳುತ್ತದೆ. ಸೂರ್ಯ ಶಾಂತವಾಗಿದ್ದಾಗ ಸಮಭಾಜಕದ ಕಡೆಗೆ ಮಾತ್ರ ಚಾಚಿರುತ್ತದೆ. ಆ ಕೂದಲನ್ನು ಬಾಚುವುದು ಕಾಂತಕ್ಷೇತ್ರ. ನನ್ನ ಆಯಿ ಅದನ್ನು ಬರಿಗಣ್ಣಲ್ಲಿ ನೋಡಿದ್ದಳು!

ದೂರದ ನಕ್ಷತ್ರಕ್ಕೆ ಈ ಭಾಗ್ಯವಿಲ್ಲ. ಬೆಳಕೊಂದೇ ಸಾಕ್ಷಿ. ಬೆಳಕನ್ನು ಬಣ್ಣಗಳಾಗಿ ಬಿಡಿಸಿದರೆ ಸಿಗುವ ಪಟ್ಟಿಯೇ ರೋಹಿತ; ಕಾಂತಕ್ಷೇತ್ರದಲ್ಲಿ ಅದರ ಗೆರೆ ಸೀಳಿ ಅಗಲವಾಗುವುದನ್ನು 1896ರಲ್ಲಿ ಡಚ್ ಭೌತವಿಜ್ಞಾನಿ ಝೀಮನ್ ಕಂಡ. 1908ರಲ್ಲಿ ಅಮೆರಿಕದ ಖಗೋಳ ವಿಜ್ಞಾನಿ ಹೇಲ್ ಅದನ್ನೇ ಸೌರಕಲೆಗಳಲ್ಲಿ ಗುರುತಿಸಿದ. 1947ರಲ್ಲಿ ಬ್ಯಾಬ್‌ಕಾಕ್ 78 ವರ್ಜಿನಿಸ್ ನಕ್ಷತ್ರದಲ್ಲಿ ಅಳೆದ. ಬಹುತೇಕ ನಕ್ಷತ್ರಗಳಲ್ಲಿ ಸೀಳು ಎಷ್ಟು ಸಣ್ಣದೆಂದರೆ ಗೆರೆಯ ಅಗಲದಲ್ಲೇ ಮುಳುಗಿಹೋಗುತ್ತದೆ. ಆದರೆ ಸೀಳಿದ ತುಂಡುಗಳ ಬೆಳಕು ಒಂದು ಎಡಕ್ಕೆ, ಒಂದು ಬಲಕ್ಕೆ ಸುತ್ತುತ್ತದೆ. ಎರಡನ್ನೂ ಬೇರೆಬೇರೆ ಹಿಡಿದು ಒಂದರಿಂದ ಇನ್ನೊಂದನ್ನು ಕಳೆದರೆ ಸುಳಿವು ಉಳಿಯುತ್ತದೆ. ನನ್ನ ದಿನವೆಲ್ಲ ಈ ಕಳೆಯುವ ಲೆಕ್ಕವೇ.

ಪಿಎಚ್‌ಡಿ ಪ್ರವೇಶದ ಜೆಸ್ಟ್ ಪರೀಕ್ಷೆಯಲ್ಲಿ ಮೊದಲ ಸಲ ನಾನು ಪಾಸಾಗಲಿಲ್ಲ. ಆ ಒಂದು ವರ್ಷ ಮನೆಯಲ್ಲೇ ಕೂತು ಪೈಥಾನ್ ಪ್ರೋಗ್ರಾಮಿಂಗ್ ಕಲಿತೆ. ದೂರದರ್ಶಕವಿಲ್ಲ ಅಂತ ಕೊರಗಬೇಡ: ದೂರದರ್ಶಕಗಳ ದಾಖಲೆ ಇಡುವ ಜಾಲತಾಣ ಪೋಲಾರ್‌ಬೇಸ್‌ನಲ್ಲಿ ನಕ್ಷತ್ರಗಳ ರೋಹಿತಗಳು ಎಲ್ಲರಿಗೂ ತೆರೆದಿವೆ. ಒಂದನ್ನು ಇಳಿಸಿಕೊಂಡು ಗೆರೆಗಳನ್ನು ನೀನೇ ಹುಡುಕು.

ಶಿರಸಿ ಮೇಷ್ಟ್ರು
ನಿಮ್ಮ ಲ್ಯಾಬಿನಲ್ಲಿ ಸೋಡಿಯಂ ದೀಪ, ಸ್ಪೆಕ್ಟ್ರೋಮೀಟರ್ ಇದ್ದೇ ಇರುತ್ತದೆ. 5890, 5896 ಆಂಗ್‌ಸ್ಟ್ರಾಂನ ಜೋಡಿ ಹಳದಿ ಗೆರೆ ಬಿಡಿಬಿಡಿಯಾಗಿ ಕಾಣುವವರೆಗೆ ಬಿಡಬೇಡ. ಆ ಜೋಡಿ ಕಾಂತದಿಂದ ಆದದ್ದಲ್ಲ, ನೆನಪಿರಲಿ. ಆದರೆ ಝೀಮನ್ ವಿದ್ಯುತ್ಕಾಂತದ ನಡುವೆ ಸೋಡಿಯಂ ಜ್ವಾಲೆಯಿಟ್ಟಾಗ ಅಗಲವಾದದ್ದು ಇವೇ ಗೆರೆಗಳು.

ಸದಾಶಿವಗಡದ ಹುಡುಗ
ಅಕ್ಕ, ಸರ್, ನಾಳೆಯೇ ಲ್ಯಾಬಿನ ಕೀಲಿ ಕೇಳ್ತೇನೆ. ಇವತ್ತು ರಾತ್ರಿ ಅಜ್ಜಿಯ ಹತ್ತಿರ ಆ ಗ್ರಹಣದ ಸುದ್ದಿ ಕೇಳಬೇಕು.