ಹಳೆಯ ವಿಂಚೆಸ್ಟರ್ 94 ರೈಫಲ್‌ನಲ್ಲಿ ಎರಕದ ಗುಂಡು: ನಳಿಗೆಗೆ ಸೀಸ ಮೆತ್ತಿಕೊಳ್ಳುವುದೇಕೆ?

ಮ್ಯಾಡಿಸನ್‌ವಾಸಿ (ಪ್ರಶ್ನೆ):

ಎಲ್ಲರಿಗೂ ನಮಸ್ಕಾರ. ನಾನು ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿ ನೆಲೆಸಿರುವವನು. ಇಲ್ಲಿ ಪ್ರತಿ ವರ್ಷ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಹಿಂದಿನ ಶನಿವಾರದಿಂದ ಒಂಬತ್ತು ದಿನಗಳ ಕಾಲ ಜಿಂಕೆ ಬೇಟೆಗೆ ಅನುಮತಿ ಇರುತ್ತದೆ. ನೆರೆಮನೆಯ ಹಿರಿಯರೊಬ್ಬರು ತಮ್ಮ ತಂದೆಯವರು ಬಳಸುತ್ತಿದ್ದ, 1920ರ ದಶಕದಲ್ಲಿ ತಯಾರಾದ .30-30 ಅಳತೆಯ ವಿಂಚೆಸ್ಟರ್ 94 ಲಿವರ್ ರೈಫಲನ್ನು ಕಾನೂನುಬದ್ಧವಾಗಿ ನನಗೆ ಮಾರಿದ್ದಾರೆ. ತೋಟಾಗಳನ್ನು ಮರುತುಂಬುವುದನ್ನೂ ಅವರೇ ಕಲಿಸುತ್ತಿದ್ದಾರೆ. ತಾಮ್ರದ ಹೊದಿಕೆಯ ಕಾರ್ಖಾನೆ ಗುಂಡುಗಳನ್ನು ಹಾಕಿದಾಗ ಐವತ್ತು ಗಜದಲ್ಲಿ ಗುಂಪು ಸುಮಾರು ಎರಡು ಅಂಗುಲದೊಳಗೆ ಬೀಳುತ್ತದೆ. ಆದರೆ ಅಂಗಡಿಯಿಂದ ತಂದ 0.309 ಅಂಗುಲ ವ್ಯಾಸದ ಗಟ್ಟಿ ಎರಕದ ಸೀಸದ ಗುಂಡುಗಳನ್ನು ತುಂಬಿದರೆ ಮೊದಲ ಕೆಲವು ಸುತ್ತುಗಳ ನಂತರ ಗುರಿ ಚದುರಿಹೋಗುತ್ತದೆ, ಮತ್ತು ನಳಿಗೆಯೊಳಗೆ ಇಣುಕಿದರೆ ತೋಟಾ ಕೂರುವ ಭಾಗದ ಮುಂದೆಯೇ ಬೂದುಬಣ್ಣದ ಸೀಸದ ಪಟ್ಟಿಗಳು ಕಾಣುತ್ತವೆ. ಇನ್ನೂ ಗಟ್ಟಿಯಾದ ಗುಂಡು ಕೊಳ್ಳಬೇಕೆಂದು ಅಂಗಡಿಯವರು ಹೇಳುತ್ತಾರೆ. ಹಣ ಸುರಿಯುವ ಮೊದಲು ಅನುಭವಿಗಳ ಅಭಿಪ್ರಾಯ ಕೇಳೋಣವೆನಿಸಿತು.

ಹಳೆಕೋವಿ:

ಸೀಸ ಎಲ್ಲಿ ಮೆತ್ತಿಕೊಂಡಿದೆ ಎಂಬುದನ್ನು ನೀವು ಗಮನಿಸಿ ಬರೆದದ್ದು ಒಳ್ಳೆಯದಾಯಿತು, ಏಕೆಂದರೆ ಅರ್ಧ ಉತ್ತರ ಅದರಲ್ಲೇ ಇದೆ. ನಳಿಗೆಯ ಬಾಯಿಯ ಬಳಿ ಮಾತ್ರ ಸೀಸ ಕಂಡರೆ ಗುಂಡು ಸಲೀಸಾಗಿ ಜಾರಲೆಂದು ಅದಕ್ಕೆ ಹಚ್ಚಿದ ಮೇಣ ದಾರಿಯಲ್ಲೇ ಮುಗಿದುಹೋಗಿದೆ ಎಂದು ಅರ್ಥ. ಉದ್ದಕ್ಕೂ ಅಲ್ಲಲ್ಲಿ ಕಂಡರೆ ಒಳಮೈ ಒರಟಾಗಿದೆ ಎಂದು ಊಹಿಸಬಹುದು. ತೋಟಾ ಕೂರುವ ಭಾಗದ ಮುಂದೆಯೇ ದಟ್ಟವಾಗಿ ಕಂಡರೆ, ಹೆಚ್ಚಿನ ಸಂದರ್ಭಗಳಲ್ಲಿ ಗುಂಡು ನಳಿಗೆಗಿಂತ ಕಿರಿದಾಗಿರುತ್ತದೆ. ಗುಂಡು ನಳಿಗೆಯ ಒಳಮೈಯಲ್ಲಿ ಕೊರೆದಿರುವ ಸುರುಳಿ ತೋಡುಗಳ (ರೈಫ್ಲಿಂಗ್) ತಳವನ್ನು ತುಂಬದಿದ್ದರೆ ಉರಿದ ಮದ್ದಿನ ಬಿಸಿ ಅನಿಲ ಅದರ ಪಕ್ಕದಿಂದ ನುಸುಳಿ, ಮೇಣವನ್ನು ಊದಿ ತೆಗೆದು, ಸೀಸದ ಮೈಯನ್ನು ಕೊರೆದು, ಹಾಗೆ ಕೊರೆದದ್ದನ್ನು ಮುಂದಿನ ಉಕ್ಕಿನ ಮೇಲೆ ಬಳಿದುಬಿಡುತ್ತದೆ.

ಈ ಸ್ಥಿತಿಯಲ್ಲಿ ಗುಂಡನ್ನು ಇನ್ನಷ್ಟು ಗಟ್ಟಿ ಮಾಡುವುದರಿಂದ ತೊಂದರೆ ಹೆಚ್ಚುವ ಸಾಧ್ಯತೆಯೇ ಜಾಸ್ತಿ. ಮೆದು ಗುಂಡು ಹಿಂದಿನಿಂದ ಬೀಳುವ ಒತ್ತಡಕ್ಕೆ ತುಸು ಉಬ್ಬಿ ತೋಡುಗಳನ್ನು ತಾನೇ ಮುಚ್ಚಿಕೊಳ್ಳುತ್ತದೆ. ಗಟ್ಟಿ ಗುಂಡು, ಅದರಲ್ಲೂ ಹಳೆಯ ರೈಫಲ್‌ಗೆಂದು ನಾವು ಬಳಸುವ ಸೌಮ್ಯ ತೋಟಾಗಳಲ್ಲಿ, ಉಬ್ಬುವುದೇ ಇಲ್ಲ. ಅಂಗಡಿಯ ಗುಂಡುಗಳ ಮೇಲಿನ ಗಟ್ಟಿ ಬಣ್ಣದ ಮೇಣ ಸಾಗಣೆಯಲ್ಲಿ ಉದುರದಿರಲೆಂದು ಆರಿಸಿದ್ದು, ನಳಿಗೆಯ ಹಿತಕ್ಕೆಂದು ಅಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಜೇನುಮೇಣ ಮತ್ತು ಆಲಾಕ್ಸ್ ಎಂಬ ಜಿಡ್ಡನ್ನು ಸಮಸಮ ಬೆರೆಸಿದ ಹಳೆಯ ಮಿಶ್ರಣ ಇಂದಿಗೂ ಸಾಕಷ್ಟು ಚೆನ್ನಾಗಿ ಕೆಲಸ ಮಾಡುತ್ತದೆ.

ಆದ್ದರಿಂದ ಮೊದಲು ನಳಿಗೆಯನ್ನು ಅಳೆಯಿರಿ. ಕೋವಿಯಲ್ಲಾಗಲಿ ಮ್ಯಾಗಜೀನಿನಲ್ಲಾಗಲಿ ತೋಟಾ ಇಲ್ಲವೆಂದು ಎರಡು ಬಾರಿ ನೋಡಿಕೊಂಡು, ಒಳಮೈಗೆ ಎಣ್ಣೆ ಸವರಿ, ತೋಡಿಗಿಂತ ತುಸು ದಪ್ಪವಾದ ಶುದ್ಧ ಸೀಸದ ಉಂಡೆಯನ್ನು (ಮೀನಿನ ಗಾಳಕ್ಕೆ ಕಟ್ಟುವ ಸೀಸವೂ ಆದೀತು) ಹಿತ್ತಾಳೆಯ ಕೋಲಿನಿಂದ ನಿಧಾನವಾಗಿ ದೂಡಿ ಹೊರತೆಗೆದು, ಅದರ ಮೇಲೆ ಮೂಡಿದ ಏಣುಗಳ ಎದುರುಬದುರು ವ್ಯಾಸವನ್ನು ಮೈಕ್ರೋಮೀಟರಿನಿಂದ ನೋಡಿ. ಕ್ಯಾಲಿಪರ್ ಈ ಕೆಲಸಕ್ಕೆ ಸಾಲದು. .30-30ಯ ತೋಡಿನ ಅಳತೆ ಕಾಗದದ ಮೇಲೆ 0.308 ಅಂಗುಲ ಎಂದಿದ್ದರೂ ಆ ಕಾಲದ ನಳಿಗೆಗಳು ಅದಕ್ಕಿಂತ ದೊಡ್ಡದಾಗಿರುವುದು ಅಪರೂಪವಲ್ಲ. ಎರಕದ ಗುಂಡು ತೋಡಿನ ಅಳತೆಗಿಂತ ಅಂಗುಲದ ಸಾವಿರದ ಒಂದೆರಡು ಭಾಗ ಹೆಚ್ಚಿರಬೇಕು. ಗಟ್ಟಿತನದ ಚರ್ಚೆ ಅದರ ನಂತರದ್ದು.

ದೂಡುವಾಗ ಕೈಗೆ ತಾಗುವುದನ್ನೂ ಗಮನಿಸಿ. ಉಂಡೆ ಬಾಯಿಯ ಬಳಿ ಸಡಿಲವಾಗಿ, ಒಳಗೆ ಬಿಗಿಯಾಗಿ ಸಾಗಿದರೆ, ಹಿಂದಿನವರು ಕೋಲನ್ನು ಬಾಯಿಯ ಕಡೆಯಿಂದಲೇ ಹಾಕಿ ಒರೆಸಿ ಒರೆಸಿ ಅಲ್ಲಿನ ರೈಫ್ಲಿಂಗ್ ಸವೆಸಿದ್ದಾರೆ ಎಂದು ತಿಳಿಯಬಹುದು. ಈ ಮಾದರಿಯಲ್ಲಿ ಹಿಂಬದಿಯಿಂದ ಕೋಲು ತೂರಿಸಲು ದಾರಿಯಿಲ್ಲದ ಕಾರಣ ಹಾಗಾಗುವುದು ಸಾಮಾನ್ಯ. ನೀವಾದರೂ ಕೋಲು ಅಂಚಿಗೆ ಉಜ್ಜದಂತೆ ಬಾಯಿಗೆ ಹಿತ್ತಾಳೆಯ ಬಳೆಯೊಂದನ್ನು ಇಟ್ಟು ಒರೆಸಿ.

ಅಚ್ಚಿನಮನೆ:

ಹಳೆಕೋವಿ ಅವರ ಮಾತನ್ನು ಒಪ್ಪುತ್ತೇನೆ, ಆದರೆ ಅವರು ಹೇಳದೆ ಬಿಟ್ಟ ಒಂದು ಕಾರಣವಿದೆ. ನೀವು ಕೊಂಡ ಗುಂಡು 0.309 ಇರಬಹುದು, ತೋಟಾದೊಳಗೆ ಕೂತ ಮೇಲೂ ಅದು 0.309 ಆಗಿಯೇ ಉಳಿದಿದೆಯೇ? ತೋಟಾ ಮರುತುಂಬುವಾಗ ಕೋಶವನ್ನು ಒತ್ತಿ ಅಳತೆಗೆ ತರುವ ಸಾಮಾನ್ಯ ಡೈಗಳು ತಾಮ್ರದ ಹೊದಿಕೆಯ ಗುಂಡಿಗೆ ತಕ್ಕಂತೆ ಹಿತ್ತಾಳೆ ಕೋಶದ ಕತ್ತನ್ನು ಬಿಗಿಯಾಗಿ ಕುಗ್ಗಿಸುತ್ತವೆ. ಆ ಬಿಗಿ ಕತ್ತಿನೊಳಗೆ ಸೀಸದ ಗುಂಡನ್ನು ಒತ್ತಿದಾಗ ಕತ್ತು ಅಗಲವಾಗುವ ಬದಲು ಗುಂಡೇ ಸಣ್ಣದಾಗುತ್ತದೆ, ಕೆಲವೊಮ್ಮೆ ಬದಿಯ ಸೀಸ ಸುರುಳಿಯಾಗಿ ಕೆತ್ತಿಯೂ ಬರುತ್ತದೆ. ನೀವು ತುಂಬಿದ ತೋಟಾವೊಂದರಿಂದ ಗುಂಡನ್ನು ಕಿತ್ತು ಅಳೆದು ನೋಡಿ. ಅಳತೆ ಇಳಿದಿದ್ದರೆ ಕತ್ತನ್ನು ಎರಡು ಹಂತದಲ್ಲಿ ಹಿಗ್ಗಿಸುವ, ಎರಕದ ಗುಂಡಿಗೆಂದೇ ಮಾಡಿದ ಹಿಗ್ಗಿಸುವ ಡೈಯೊಂದನ್ನು ತರಿಸಿಕೊಳ್ಳಿ. ಬಹುಶಃ ನಿಮಗೆ ಬೇಕಾದ ಅತಿ ಅಗ್ಗದ ಪರಿಹಾರ ಅದೇ ಇರಬಹುದು.

ಎರಡನೆಯ ವಿಷಯವೆಂದರೆ ಗುಂಡಿನ ಬುಡ. ಅಂಗಡಿಯ ಗುಂಡುಗಳಲ್ಲಿ ಎಷ್ಟೋ ಯಂತ್ರದಿಂದ ಸುಲಭವಾಗಿ ಹೊರಬರಲೆಂದು ಬುಡದ ಅಂಚನ್ನು ಓರೆಯಾಗಿ ಕತ್ತರಿಸಿದಂಥವು. ಅನಿಲ ನುಗ್ಗಲು ಅದೊಂದು ಆಹ್ವಾನ. .30-30ಯಲ್ಲಿ ಸೆಕೆಂಡಿಗೆ 1,800 ಅಡಿ ವೇಗದ ಆಸುಪಾಸಿಗೆ ಬಂದರೆ ನಾನು ಗ್ಯಾಸ್ ಚೆಕ್ ಇಲ್ಲದ ಗುಂಡನ್ನು ಬಳಸುವುದೇ ಇಲ್ಲ. ಬುಡಕ್ಕೆ ತೊಡಿಸುವ ಆ ಪುಟ್ಟ ತಾಮ್ರದ ಬಟ್ಟಲು ಅನಿಲವನ್ನು ತಡೆಯುವುದಲ್ಲದೆ ರೈಫ್ಲಿಂಗ್ ಹಿಡಿತಕ್ಕೂ ನೆರವಾಗುತ್ತದೆ. ಲೈಮನ್ ಕಂಪನಿಯ 311041 ಎಂಬ ಅಚ್ಚು ಸರಿಸುಮಾರು 170 ಗ್ರೇನ್ ತೂಕದ, ಚಪ್ಪಟೆ ಮೂತಿಯ, ಗ್ಯಾಸ್ ಚೆಕ್ ತೊಡಿಸಬಹುದಾದ ಗುಂಡನ್ನು ಕೊಡುತ್ತದೆ, ಮತ್ತು ಈ ತೋಟಾಕ್ಕೆ ಅದಕ್ಕಿಂತ ಒಗ್ಗುವ ಆಕಾರವನ್ನು ನಾನಂತೂ ಕಂಡಿಲ್ಲ.

ಮೂತಿ ಚಪ್ಪಟೆಯಾಗಿರಲೇಬೇಕು ಎಂಬುದನ್ನು ದಯವಿಟ್ಟು ಮರೆಯಬೇಡಿ. ನಳಿಗೆಯ ಕೆಳಗಿನ ಕೊಳವೆ ಮ್ಯಾಗಜೀನಿನಲ್ಲಿ ತೋಟಾಗಳು ಒಂದರ ಹಿಂದೊಂದು ಮಲಗಿರುತ್ತವೆ. ಒಂದರ ಮೂತಿ ಮುಂದಿನದರ ಬುಡದಲ್ಲಿರುವ, ಏಟು ಬಿದ್ದರೆ ಮದ್ದಿಗೆ ಕಿಡಿ ಹೊತ್ತಿಸುವ ಪ್ರೈಮರ್‌ಗೆ ಒತ್ತಿಕೊಂಡಿರುತ್ತದೆ. ಚೂಪು ಮೂತಿಯ ಗಟ್ಟಿ ಗುಂಡಾದರೆ ಹಿನ್ನೂಕಿನ ಏಟಿಗೆ ಪ್ರೈಮರ್ ಸಿಡಿದು ಮ್ಯಾಗಜೀನೇ ಸ್ಫೋಟಗೊಳ್ಳಬಹುದು. ಸುರುಳಿ ಮ್ಯಾಗಜೀನಿನ ಸ್ಯಾವೇಜ್ 99, ಪೆಟ್ಟಿಗೆ ಮ್ಯಾಗಜೀನಿನ ವಿಂಚೆಸ್ಟರ್ 1895 ಇದ್ದವರಿಗೆ ಈ ಕಟ್ಟುಪಾಡಿಲ್ಲ. ಕೊಳವೆಯೊಳಗಿನ ಸ್ಪ್ರಿಂಗ್ ಮತ್ತು ಹಿನ್ನೂಕು ಸೇರಿ ಗುಂಡನ್ನು ಕೋಶದೊಳಕ್ಕೆ ತಳ್ಳದಿರಲು ಕತ್ತಿನ ಅಂಚನ್ನು ಗುಂಡಿನ ಗೀರಿಗೆ ಮಡಚಿ ಬಿಗಿಯುವುದೂ ಅಷ್ಟೇ ಮುಖ್ಯ.

ಎರಕ ನೀವೇ ಹೊಯ್ಯುವುದಾದರೆ, ಜಿಂಕೆಗೆ ಲಿನೋಟೈಪ್‌ನಂಥ ಗಟ್ಟಿ ಲೋಹ ಬೇಡ. ಅದು ಹಿಗ್ಗದೆ ಸೂಜಿಯಂತೆ ತೂರಿಹೋಗುತ್ತದೆ. ಚಕ್ರಕ್ಕೆ ಹಾಕುವ ಹಳೆಯ ಸೀಸದ ತೂಕಗಳಿಗೆ ಒಂದಿಷ್ಟು ಮೆದು ಸೀಸವನ್ನೂ ಚಿಟಿಕೆ ತವರವನ್ನೂ ಬೆರೆಸಿದರೆ ಸಾಕು. ಈಗಿನ ತೂಕಗಳಲ್ಲಿ ಸತುವಿನವು ಬಹಳವಾಗಿ ಬೆರೆತಿರುತ್ತವೆ. ಸೀಸ 327 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗಿದರೆ ಸತುವಿಗೆ 419 ಬೇಕು. ಆದಕಾರಣ ಮೊದಲ ಕರಗಿಸುವಿಕೆಯನ್ನು ಕಡಿಮೆ ಶಾಖದಲ್ಲಿ ನಡೆಸಿ, ತೇಲುವ ಸತುವನ್ನು ಜಾಲರಿಯಿಂದ ತೆಗೆದುಬಿಡಿ. ಒಂದು ಹನಿ ನೀರು ಕೂಡ ಕರಗಿದ ಸೀಸಕ್ಕೆ ಬೀಳಬಾರದು, ಬಿದ್ದರೆ ಪಾತ್ರೆಯಲ್ಲಿರುವುದೆಲ್ಲ ಮುಖಕ್ಕೆ ಎರಚುತ್ತದೆ. ಕಿಟ್ಟದ ಧೂಳು ಉಸಿರಿಗೂ ಊಟಕ್ಕೂ ಸೇರದಂತೆ ಮಕ್ಕಳಿಲ್ಲದ, ಗಾಳಿಯಾಡುವ ಕಡೆಯಲ್ಲೇ ಈ ಕೆಲಸ ಆಗಬೇಕು.

ಮದ್ದಿನ ಪ್ರಮಾಣವನ್ನು ನಾನು ಇಲ್ಲಿ ಬರೆಯುವುದಿಲ್ಲ, ಬೇರೆಯವರೂ ಬರೆಯದಿರಲೆಂದು ಕೋರುತ್ತೇನೆ. ಅದನ್ನು ಎರಕದ ಗುಂಡಿಗೆಂದೇ ಪ್ರಕಟವಾದ ಕೈಪಿಡಿಯಿಂದ ನೋಡಿ, ಕನಿಷ್ಠದಿಂದ ಆರಂಭಿಸಿ.

ಡೆಟ್ರಾಯಿಟ್ ಗೌಡ:

ನನ್ನಲ್ಲಿರುವುದು ಮಾರ್ಲಿನ್ 336. ಅದರ ಮೈಕ್ರೋ-ಗ್ರೂವ್ ನಳಿಗೆಯಲ್ಲಿ ಹನ್ನೆರಡು ಆಳವಿಲ್ಲದ ತೋಡುಗಳಿರುವುದರಿಂದ ಎರಕದ ಗುಂಡು ನಡೆಯುವುದಿಲ್ಲವೆಂದು ಎಲ್ಲರೂ ಹೆದರಿಸಿದ್ದರು. 0.311ಕ್ಕೆ ಏರಿಸಿದ ಮೇಲೆ ಅದು ತಾಮ್ರದ ಗುಂಡಿಗೆ ಸಮನಾಗಿಯೇ ಹೊಡೆಯುತ್ತಿದೆ. .32 ವಿಂಚೆಸ್ಟರ್ ಸ್ಪೆಷಲ್ ಇರುವವರು .30-30ಯ ಅಚ್ಚನ್ನು ನೋಡಲೇ ಹೋಗಬೇಡಿ, ಅದರ ಗುಂಡು 0.321 ಅಂಗುಲದ್ದು.

ಕಾವೇರಿತೀರ:

ಗುಂಡಿನ ವಿಷಯದಲ್ಲಿ ಹೇಳಬೇಕಾದದ್ದನ್ನು ಹಿರಿಯರು ಹೇಳಿದ್ದಾರೆ. ಇದನ್ನು ಓದುವ ಇತರ ಕನ್ನಡಿಗರಿಗಾಗಿ ಕಾನೂನಿನ ಮಾತೊಂದನ್ನು ಸೇರಿಸುತ್ತೇನೆ. ಎಚ್-1ಬಿ ಮುಂತಾದ ವಲಸೆಯೇತರ ವೀಸಾದಲ್ಲಿ ಅಮೆರಿಕದಲ್ಲಿರುವವರು ಕೋವಿಯನ್ನಷ್ಟೇ ಅಲ್ಲ, ತೋಟಾವನ್ನೂ ಇಟ್ಟುಕೊಳ್ಳುವುದನ್ನು ಅಲ್ಲಿನ ಕೇಂದ್ರ ಕಾನೂನು ನಿಷೇಧಿಸುತ್ತದೆ. ಯಾವುದಾದರೂ ರಾಜ್ಯ ಕೊಟ್ಟ ಚಾಲ್ತಿಯಲ್ಲಿರುವ ಬೇಟೆ ಪರವಾನಗಿ ಕೈಯಲ್ಲಿದ್ದರೆ ಆ ನಿಷೇಧಕ್ಕೆ ವಿನಾಯಿತಿ ಇದೆ. ಪರವಾನಗಿಯ ಅವಧಿ ಮುಗಿದ ದಿನ ವಿನಾಯಿತಿಯೂ ಮುಗಿಯುತ್ತದೆ ಎಂಬುದನ್ನು ಬಹಳ ಜನ ಗಮನಿಸುವುದಿಲ್ಲ. ಗ್ರೀನ್ ಕಾರ್ಡ್ ಇದ್ದವರಿಗೆ ಈ ತೊಡಕಿಲ್ಲ. ಕ್ಯಾಲಿಫೋರ್ನಿಯಾದಲ್ಲಿರುವವರು ಇನ್ನೊಂದನ್ನು ನೆನಪಿಡಬೇಕು: 2019ರ ಜುಲೈ 1ರಿಂದ ಅಲ್ಲಿ ಬೇಟೆಗೆ ಸೀಸದ ಗುಂಡನ್ನೇ ಬಳಸುವಂತಿಲ್ಲ, ಆದಕಾರಣ ಈ ಇಡೀ ಚರ್ಚೆ ಅವರಿಗೆ ಗುರಿ ಅಭ್ಯಾಸದ ಮಟ್ಟಿಗೆ ಮಾತ್ರ.

ನಮ್ಮ ಕೊಡಗಿನ ಕಡೆಯವರು ಇದನ್ನು ಓದಿ ಮನೆಯ ಕೋವಿಯನ್ನು ಕೆಳಗಿಳಿಸುವ ಯೋಚನೆ ಮಾಡದಿರಲಿ. ಅಲ್ಲಿರುವುದು ಕೋವಿ ಇಟ್ಟುಕೊಳ್ಳಲು ಪರವಾನಗಿಯಿಂದ ವಿನಾಯಿತಿ; 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಬೇಟೆ ನಿಷೇಧ ಎಲ್ಲರಿಗೂ ಒಂದೇ.

ಮ್ಯಾಡಿಸನ್‌ವಾಸಿ:

ಎಲ್ಲರಿಗೂ ಧನ್ಯವಾದಗಳು. ನಾನು ಗ್ರೀನ್ ಕಾರ್ಡ್ ಹೊಂದಿರುವವನು, ಬೇಟೆ ಪರವಾನಗಿಯೂ ಇದೆ. ನೆರೆಯ ಹಿರಿಯರ ಜೊತೆ ಕೂತು ನಳಿಗೆಯನ್ನು ಅಳೆದೆವು: ತೋಡಿನ ವ್ಯಾಸ 0.3095 ಅಂಗುಲ. ತೋಟಾದಿಂದ ಕಿತ್ತ ಗುಂಡು 0.3080ಕ್ಕೆ ಇಳಿದಿತ್ತು, ಅಂದರೆ ನೀವಿಬ್ಬರು ಹೇಳಿದ ಕಾರಣಗಳೆರಡೂ ಒಟ್ಟಿಗೇ ಕೆಲಸ ಮಾಡುತ್ತಿದ್ದವು. ಬಾಯಿಯ ಬಳಿ ಸವೆತ ಹೆಚ್ಚಿಲ್ಲ. ಇನ್ನು 0.311ರ ಗುಂಡು ಮತ್ತು ಹಿಗ್ಗಿಸುವ ಡೈ ತರಿಸುವುದೆಂದು ನಿರ್ಧರಿಸಿದ್ದೇನೆ. ಈಗ ಮೆತ್ತಿಕೊಂಡಿರುವ ಸೀಸವನ್ನು ತೆಗೆಯುವುದು ಹೇಗೆ? ಅಷ್ಟು ದಪ್ಪದ ಗುಂಡು ಹಾಕಿದ ತೋಟಾ ಈ ಹಳೆಯ ರೈಫಲ್‌ಗೆ ಅಪಾಯವಾಗದೇ?

ಹಳೆಕೋವಿ:

ಸೀಸಕ್ಕೆ ದ್ರಾವಣಗಳಿಗಿಂತ ಉಜ್ಜುವುದೇ ಮೇಲು. ಪಾತ್ರೆ ತಿಕ್ಕುವ ತಾಮ್ರದ ನಾರಿನ ಕೆಲವು ಎಳೆಗಳನ್ನು ಹಳೆಯ ಕಂಚಿನ ಬ್ರಷ್ಷಿಗೆ ಸುತ್ತಿ, ಒಳಗೆ ಎಣ್ಣೆ ಬಿಟ್ಟು ಎಳೆದಾಡಿದರೆ ಸೀಸ ಹಪ್ಪಳಿಕೆಯಾಗಿ ಕಿತ್ತುಬರುತ್ತದೆ. ನಾರು ಶುದ್ಧ ತಾಮ್ರದ್ದೇ ಎಂದು ಅಯಸ್ಕಾಂತ ಹಿಡಿದು ನೋಡಿ. ತಾಮ್ರದ ಲೇಪವಿರುವ ಉಕ್ಕಿನದಾದರೆ ಅಂಟಿಕೊಳ್ಳುತ್ತದೆ, ಅಂಥದ್ದು ನಳಿಗೆಯೊಳಗೆ ಹೋಗಬಾರದು. ಸೀಸ ಹೋದ ಮೇಲೆ ಹಿಂದಿನ ಗುಂಡುಗಳು ಬಿಟ್ಟ ತಾಮ್ರದ ಲೇಪವನ್ನೂ ಅದಕ್ಕೆಂದೇ ಇರುವ ದ್ರಾವಣದಿಂದ ತೆಗೆಯಿರಿ, ಏಕೆಂದರೆ ತಾಮ್ರ ಉಳಿದ ಜಾಗವನ್ನು ಸೀಸ ಬೇಗ ಹಿಡಿದುಕೊಳ್ಳುತ್ತದೆ. ಆ ಬಳಿಕವೂ ಒಳಮೈ ಕಪ್ಪಾಗಿ, ತೂತುತೂತಾಗಿ ಕಂಡರೆ ಗಾಬರಿಯಾಗಬೇಡಿ. ಆ ಕಾಲದ ಪ್ರೈಮರ್‌ಗಳಲ್ಲಿದ್ದ ಪೊಟ್ಯಾಸಿಯಂ ಕ್ಲೋರೇಟ್ ಉರಿದಾಗ ಉಳಿಯುವ ಉಪ್ಪು ತೇವವನ್ನು ಹೀರಿ ತುಕ್ಕು ಹಿಡಿಸುತ್ತಿತ್ತು, ಅದರ ಗುರುತು ಅದು. ಅಂಥ ನಳಿಗೆಗಳೂ ಸರಿಯಾದ ಅಳತೆಯ ಗುಂಡನ್ನು ಚೆನ್ನಾಗಿಯೇ ಹೊಡೆಯುತ್ತವೆ.

ದಪ್ಪದ ಬಗ್ಗೆ ನಿಮ್ಮ ಆತಂಕ ಸರಿಯಾದದ್ದೇ. ನಳಿಗೆಗೆ ಅಂಗುಲದ ಸಾವಿರದ ಒಂದೂವರೆ ಭಾಗ ಹೆಚ್ಚಿನ ಮೆದು ಸೀಸ ಭಾರವಲ್ಲ, ಆದರೆ ಕೋಶದ ಕತ್ತು ಸಡಿಲಗೊಂಡು ಗುಂಡನ್ನು ಬಿಡಲು ಸುತ್ತ ಜಾಗವಿರಬೇಕು. ಇಲ್ಲದಿದ್ದರೆ ಒತ್ತಡ ಅಪಾಯದ ಮಟ್ಟಕ್ಕೆ ಏರುತ್ತದೆ. ನಿಮ್ಮದೇ ರೈಫಲ್‌ನಲ್ಲಿ ಹೊಡೆದ, ಇನ್ನೂ ಡೈಗೆ ಹಾಕದ ಖಾಲಿ ಕೋಶವನ್ನು ತೆಗೆದುಕೊಂಡು, ಅದರ ಬಾಯಿಯ ಮಡಿಕೆಯನ್ನು ನೇರಮಾಡಿ, 0.311ರ ಗುಂಡನ್ನು ಬೆರಳಿನಿಂದ ಇಳಿಸಿ ನೋಡಿ. ಅದು ತಾನಾಗಿ ಜಾರಿ ಇಳಿದರೆ ಜಾಗವಿದೆ. ತಡೆದರೆ ಆ ಅಳತೆಯನ್ನು ಬಿಟ್ಟು 0.310ಕ್ಕೆ ಇಳಿಯಿರಿ.