ನವೆಂಬರ್‌ನಲ್ಲಿ ಹುಟ್ಟಿದ ಮಗು, ಈಜು ಸ್ಪರ್ಧೆಯ ವಯಸ್ಸಿನ ಗ್ರೂಪ್: ತಿಂಗಳು ಎಷ್ಟು ಲೆಕ್ಕಕ್ಕೆ ಬರುತ್ತೆ?

ಕುಕ್ಕರಹಳ್ಳಿ_ಏರಿ

ಮಗಳು ಹುಟ್ಟಿದ್ದು 2014ರ ನವೆಂಬರ್ 28. ಮೈಸೂರಿನ ಸರಸ್ವತಿಪುರಂ ಯೂನಿವರ್ಸಿಟಿ ಪೂಲ್‌ನಲ್ಲಿ ಅಭ್ಯಾಸ. 50 ಮೀಟರ್ ಫ್ರೀಸ್ಟೈಲ್ 38 ಸೆಕೆಂಡು, ಗ್ರೂಪಿನಲ್ಲಿ ಮುಂದಿರೋರು 32–33. "ಇನ್ನೆರಡು ತಿಂಗಳು ತಡವಾಗಿ ಹುಟ್ಟಿದ್ದಿದ್ರೆ ಮೆಡಲ್ ಬರ್ತಿತ್ತು" ಅಂತ ಗ್ಯಾಲರಿಯಲ್ಲಿ ಕೂತವರೆಲ್ಲ ಹೇಳ್ತಾರೆ. ಅಮೆರಿಕದ ವಿಡಿಯೊಗಳಲ್ಲಿ, ಹುಟ್ಟುಹಬ್ಬಕ್ಕೆ ಮುಂಚೆಯೇ ದೊಡ್ಡ ಮೀಟ್‌ಗೆ ಇಳಿಸಿ ಅಂತಾರೆ. ಅದು ಇಲ್ಲಿ ನಡೆಯುತ್ತಾ? ತಿಂಗಳಿಂದ ನಿಜಕ್ಕೂ ಎಷ್ಟು ವ್ಯತ್ಯಾಸ ಆಗುತ್ತೆ? ಮನೆಯಲ್ಲಿ ನಾವು ಏನನ್ನು ಬರೆದಿಟ್ಟುಕೊಳ್ಳಬೇಕು?

ಸ್ಟಾಪ್‌ವಾಚ್

ಹುಟ್ಟುಹಬ್ಬದ ಉಪಾಯ ಇಲ್ಲಿ ನಡೆಯಲ್ಲ. ಅಮೆರಿಕದಲ್ಲಿ ಮೀಟ್‌ನ ಮೊದಲ ದಿನ ಮಗುವಿಗೆ ಎಷ್ಟು ವಯಸ್ಸೋ ಅದೇ ಲೆಕ್ಕ, ಹಾಗಾಗಿ ಹುಟ್ಟುಹಬ್ಬ ದಾಟಿದರೆ ಗ್ರೂಪ್ ಬದಲಾಗಬಹುದು. ನಮ್ಮಲ್ಲಿ ಆ ವರ್ಷದ ಡಿಸೆಂಬರ್ 31ಕ್ಕೆ ಎಷ್ಟು ತುಂಬುತ್ತೆ ಅನ್ನೋದನ್ನು ನೋಡ್ತಾರೆ, ಈಜಿನ ಅಂತರರಾಷ್ಟ್ರೀಯ ಸಂಸ್ಥೆ ವರ್ಲ್ಡ್ ಅಕ್ವಾಟಿಕ್ಸ್‌ನದೂ ಇದೇ ಪದ್ಧತಿ. ನಿಮ್ಮ ಮಗಳು 2026ರ ಜನವರಿ 1ರಿಂದಲೇ 12ರವಳು, ನಿಜವಾಗಿ 12 ತುಂಬೋದು ನವೆಂಬರ್ ಕೊನೆಗೆ.

ತಿಂಗಳಿಗಿಂತ ಮೊದಲು ನೋಡಬೇಕಾದ್ದು ಗ್ರೂಪಿನೊಳಗೆ ಅವಳು ಎಷ್ಟನೇ ವರ್ಷದಲ್ಲಿದ್ದಾಳೆ ಅನ್ನೋದು. ಯಾವ ಗ್ರೂಪಿಗೆ ಯಾವ ಜನ್ಮವರ್ಷ ಅಂತ ಈಜು ಸಂಸ್ಥೆಯ ಆಯಾ ಸಾಲಿನ ಸುತ್ತೋಲೆಯಲ್ಲಿ ಇರುತ್ತೆ, ಅದನ್ನೇ ನಂಬಿ. 12, 13, 14 ಮೂರೂ ಒಂದೇ ಗ್ರೂಪ್ ಅಂತ ಇಟ್ಟುಕೊಂಡು ಲೆಕ್ಕ ಹಾಕೋಣ. 2026ರ ಜುಲೈ ಕೊನೆಯಲ್ಲಿ ಮೀಟ್ ಇದ್ದರೆ ಅವಳಿಗೆ 11 ವರ್ಷ 8 ತಿಂಗಳು. ಪಕ್ಕದ ಲೇನ್‌ನಲ್ಲಿರೋ 2012ರ ಜನವರಿಯವಳಿಗೆ 14 ವರ್ಷ 6 ತಿಂಗಳು. ಅಂತರ 34 ತಿಂಗಳು. ಇದರಲ್ಲಿ ಹುಟ್ಟಿದ ತಿಂಗಳ ಪಾಲು ಹತ್ತು ತಿಂಗಳು, ಉಳಿದ 24 ತಿಂಗಳೂ ಗ್ರೂಪಿನ ಅಗಲದಿಂದ ಬಂದದ್ದು. ಅದೇ 2028ಕ್ಕೆ ಅವಳೇ ಗ್ರೂಪಿನ ಹಿರಿಯ ವರ್ಷಕ್ಕೆ ಬರ್ತಾಳೆ, ಆಗ ಅವಳಿಗಿಂತ ದೊಡ್ಡವರು ಅಂದರೆ ಹೆಚ್ಚೆಂದರೆ ಹತ್ತು ಹನ್ನೊಂದು ತಿಂಗಳು. 38 ಮತ್ತು 32ನ್ನು ಈಗ ತೂಗಿ ನೋಡೋದರಲ್ಲಿ ಅರ್ಥವಿಲ್ಲ.

ಇನ್ನೊಂದು ಗೊಂದಲ ಶಾಲೆಯದ್ದು. ಒಂದನೇ ಕ್ಲಾಸಿಗೆ ಜೂನ್ 1ರ ವಯಸ್ಸು, ಈಜಿಗೆ ಡಿಸೆಂಬರ್ 31ರದ್ದು. 2014ರ ನವೆಂಬರ್‌ನವಳೂ 2015ರ ಫೆಬ್ರವರಿಯವಳೂ ಒಂದೇ ಬೆಂಚಿನಲ್ಲಿ ಕೂತಿರಬಹುದು, ಇಬ್ಬರ ನಡುವೆ ಮೂರೇ ತಿಂಗಳು. ಆದರೆ 2029ರಲ್ಲಿ ಮೊದಲನೆಯವಳು 15ರ ಲೆಕ್ಕದಲ್ಲಿ ಮೇಲಿನ ಗ್ರೂಪಿಗೆ ಹೋದರೆ ಎರಡನೆಯವಳಿಗೆ ಕೆಳಗೆ ಇನ್ನೊಂದು ವರ್ಷ ಸಿಗುತ್ತೆ. ನಿಮಗೆ ಗ್ಯಾಲರಿಯಲ್ಲಿ ಹೇಳಿದ್ದು ಬಹುಶಃ ಇದನ್ನೇ.

ವಿಸಿ_ನಾಲೆ (ಮಂಡ್ಯ)

ಲೆಕ್ಕ ಸರಿ, ಆದರೆ ತಿಂಗಳನ್ನು ಅಷ್ಟು ಹಗುರ ಮಾಡಬೇಡಿ ಸರ್. ಹನ್ನೆರಡರ ಆಸುಪಾಸು ಹುಡುಗಿಯರು ವರ್ಷಕ್ಕೆ 8 ಸೆಂ.ಮೀ. ಬೆಳೀತಾರೆ, ಹುಡುಗರು ಹದಿನಾಲ್ಕರ ಹತ್ತಿರ 9–10. ಹತ್ತು ತಿಂಗಳು ಅಂದರೆ ಆರೇಳು ಸೆಂ.ಮೀ. ಎತ್ತರ, ಉದ್ದ ತೋಳು, ದೊಡ್ಡ ಅಂಗೈ. ಡೈವ್ ಹೊಡೆದಾಗಲೇ, ಗೋಡೆ ಒದ್ದಾಗಲೇ ಆ ಮಗು ಮುಂದೆ.

ಕೆಡೋದು ಮೀಟ್‌ನಲ್ಲಲ್ಲ, ಅಭ್ಯಾಸದಲ್ಲಿ. ಬೇಗ ಮುಟ್ಟಿದವರನ್ನು ಫಾಸ್ಟ್ ಲೇನ್‌ಗೆ ಹಾಕ್ತಾರೆ, ಕೋಚ್ ಕಣ್ಣೂ ಆ ಲೇನ್ ಮೇಲೇ. ಡಿಸೆಂಬರ್ ಮಗು ಕೊನೇ ಲೇನ್‌ನಲ್ಲಿ ಹತ್ತು ಜನರ ಹಿಂದೆ ಈಜುತ್ತಾ ಸ್ಟ್ರೋಕ್ ತಿದ್ದೋರಿಲ್ಲದೆ ಉಳಿಯುತ್ತೆ. ಎರಡು ವರ್ಷ ಆದಮೇಲೆ "ಇವಳಿಗೆ ಟ್ಯಾಲೆಂಟ್ ಇಲ್ಲ" ಅಂತಾರೆ. ವಾರಕ್ಕೆ ಒಂದು ದಿನವಾದರೂ ಟೈಮಿಂಗ್ ಬಿಟ್ಟು ಸ್ಟ್ರೋಕ್ ನೋಡಿ ಲೇನ್ ಹಂಚಿ ಅಂತ ಕೋಚ್‌ನ ಕೇಳಿ. ಕೇಳೋದರಲ್ಲಿ ತಪ್ಪೇನಿಲ್ಲ.

ಇದು ಕೊನೇತನಕ ಉಳಿಯೋದೂ ಇಲ್ಲ. ಆಸ್ಟ್ರೇಲಿಯದ ರಾಷ್ಟ್ರಮಟ್ಟದ ಈಜುಗಾರರ ಅಧ್ಯಯನದಲ್ಲಿ ಚಿಕ್ಕ ವಯಸ್ಸಿನಲ್ಲಿ ಒಂದೇ ವಯಸ್ಸಿನ ಗುಂಪಿನೊಳಗೆ ತಿಂಗಳ ಲೆಕ್ಕದಲ್ಲಿ ದೊಡ್ಡವರೇ ಹೆಚ್ಚಿದ್ದರು, 15–16ರ ಹೊತ್ತಿಗೆ ಅದು ಕರಗಿ 17–18ಕ್ಕೆ ತಿರುವುಮುರುವು ಆಗಿತ್ತು. ಜನವರಿ ಮಗುವಿನ ಅಪ್ಪ ಅಮ್ಮ ಇದನ್ನು ಓದಬೇಕು. ಎತ್ತರದಿಂದಲೇ ಗೆಲ್ಲೋ ಮಗು ಟರ್ನ್ (ಗೋಡೆ ಮುಟ್ಟಿ ತಿರುಗೋದು) ಕಲಿಯಲ್ಲ, ಉಳಿದವರು ಎತ್ತರಕ್ಕೆ ಬಂದಾಗ ಅದರ ಕೈ ಖಾಲಿ.

ಒಂದು ಮಾತು, ಕೋಪ ಮಾಡ್ಕೋಬೇಡಿ: "ಜನನ ದಾಖಲೆಯಲ್ಲಿ ಸ್ವಲ್ಪ ಆಚೀಚೆ ಮಾಡಿಸಿ" ಅನ್ನೋರು ಸಿಗ್ತಾರೆ. ಅನುಮಾನ ಬಂದರೆ ಮಣಿಕಟ್ಟಿನ ಎಕ್ಸ್‌ರೇ ತೆಗೆಸಿ ಮೂಳೆ ವಯಸ್ಸು ನೋಡ್ತಾರೆ. ಆಮೇಲೆ ಅನುಭವಿಸೋದು ಮಗು.

ಕುಕ್ಕರಹಳ್ಳಿ_ಏರಿ

ಥ್ಯಾಂಕ್ಸ್ ಇಬ್ಬರಿಗೂ. ಬರೆದಿಡೋದು ಏನನ್ನು? ಮತ್ತೆ, ಈಗ ಯಾವ ಇವೆಂಟ್‌ಗೆ ಹೆಸರು ಕೊಡಿಸಬೇಕು?

ಸ್ಟಾಪ್‌ವಾಚ್

ಒಂದು ನೋಟ್‌ಬುಕ್, ಮೂರು ತಿಂಗಳಿಗೊಂದು ಸಾಲು. ದಿನಾಂಕದ ಪಕ್ಕ ವಯಸ್ಸನ್ನು ವರ್ಷ-ತಿಂಗಳಲ್ಲೇ ಬರೆಯಿರಿ (11–8, 11–11). ನಂತರ ನಿಂತ ಎತ್ತರ, ಕೂತ ಎತ್ತರ, ಚಾಚಿದ ತೋಳುಗಳ ಉದ್ದ, 50 ಮೀಟರ್ ಫ್ರೀಸ್ಟೈಲ್‌ನ ಸೆಕೆಂಡು ಮತ್ತು ಸ್ಟ್ರೋಕ್ ಎಣಿಕೆ. ಎಡಗೈ ಬೀಸಿದ್ದೂ ಒಂದು, ಬಲಗೈ ಬೀಸಿದ್ದೂ ಒಂದು ಅಂತ ಎಣಿಸಿ.

ಸೆಕೆಂಡನ್ನೂ ಸ್ಟ್ರೋಕನ್ನೂ ಕೂಡಿ. 38 ಸೆಕೆಂಡು, 46 ಸ್ಟ್ರೋಕ್ ಅಂದರೆ 84. ಮೂರು ತಿಂಗಳಾದಮೇಲೆ 37ಕ್ಕೆ ಬಂದಳು, ಆದರೆ ಸ್ಟ್ರೋಕ್ 52 ಆಯಿತು ಅಂದರೆ 89: ಬರೀ ಕೈ ಬೀಸಿ ಗಳಿಸಿದ ಸೆಕೆಂಡು ಅದು. 37ಕ್ಕೆ 44 ಇದ್ದರೆ 81, ನೀರು ಹಿಡಿಯೋದು ಸುಧಾರಿಸಿದೆ. ಎತ್ತರ ಬೆಳೆದರೆ ಈ ಸಂಖ್ಯೆ ತಾನಾಗೇ ಇಳಿಯುತ್ತೆ, ಅದಕ್ಕೇ ಎತ್ತರವನ್ನು ಅದೇ ಸಾಲಿನಲ್ಲಿ ಬರೆಯೋದು. 25 ಮೀಟರ್ ಕೊಳದ ಟೈಮಿಂಗನ್ನೂ 50 ಮೀಟರ್ ಕೊಳದ್ದನ್ನೂ ಒಂದೇ ಪಟ್ಟಿಗೆ ಸೇರಿಸಬೇಡಿ, ಟರ್ನ್‌ನಿಂದ ಲೆಕ್ಕ ಕೆಡುತ್ತೆ.

ಮೂರು ತಿಂಗಳಲ್ಲಿ 2 ಸೆಂ.ಮೀ. ದಾಟಿದರೆ ಬೆಳವಣಿಗೆಯ ಓಟ ಶುರು ಅಂತ ತಿಳಿಯಿರಿ. ಆಗ ಟೈಮಿಂಗ್ ನಿಂತೇ ಹೋಗಬಹುದು, ಬಟರ್‌ಫ್ಲೈ ಲಯ ತಪ್ಪಬಹುದು. ಹ್ಯಾಂಡ್ ಪ್ಯಾಡಲ್ (ಅಂಗೈಗೆ ಕಟ್ಟೋ ಹಲಗೆ) ಕಡಿಮೆ ಮಾಡಿಸಿ, ಭುಜ ನೋವು ಅಂದರೆ ಪೂರ್ತಿ ನಿಲ್ಲಿಸಿ. ಮಂಡಿ ಚಿಪ್ಪಿನ ಕೆಳಗೆ ನೋವು ಬಂದರೆ ಬ್ರೆಸ್ಟ್‌ಸ್ಟ್ರೋಕ್ ಕಿಕ್ ನಿಲ್ಲಿಸಿ ಡಾಕ್ಟರ್ ಹತ್ತಿರ ತೋರಿಸಿ.

ಇವೆಂಟ್ ಬಗ್ಗೆ: 50 ಮೀಟರ್ ಕೊಳದ 50 ಫ್ರೀಯಲ್ಲಿ ಟರ್ನೇ ಇಲ್ಲ, ಡೈವ್ ಮತ್ತು ಬಲದ ಆಟ ಅದು. ಚಿಕ್ಕವಳಿಗೆ ಅಲ್ಲೇ ಹೆಚ್ಚು ಪೆಟ್ಟು. ಕಿರಿಯ ವರ್ಷದಲ್ಲಿ 200 ಫ್ರೀ, 200 ಮೆಡ್ಲೆ (ನಾಲ್ಕೂ ಸ್ಟ್ರೋಕ್ ಸೇರಿದ್ದು), 100 ಬ್ಯಾಕ್‌ಸ್ಟ್ರೋಕ್ ಹಾಕಿಸಿ. 25 ಮೀಟರ್ ಕೊಳದಲ್ಲಿ 200ಕ್ಕೆ ಏಳು ಟರ್ನ್, ಅಲ್ಲಿ ಕಲಿತದ್ದು ಎದ್ದು ಕಾಣುತ್ತೆ. 50 ಫ್ರೀಯನ್ನೂ ಬಿಡಬೇಡಿ, ಆದರೆ ಅಲ್ಲಿ ಪಕ್ಕದ ಲೇನ್ ನೋಡದೆ ಅದೇ ಜನ್ಮವರ್ಷದವರನ್ನು ಮಾತ್ರ ನೋಡಿ, ರಿಸಲ್ಟ್ ಶೀಟ್‌ನಲ್ಲಿ ಹುಟ್ಟಿದ ವರ್ಷ ಹಾಕಿದ್ದರೆ ಅದು ಸುಲಭ.

ವಿಸಿ_ನಾಲೆ (ಮಂಡ್ಯ)

ಅಳತೆ ಬೆಳಿಗ್ಗೆಯೇ ತಗೊಳ್ಳಿ. ಸಂಜೆಗೆ ಎತ್ತರ ಒಂದು ಸೆಂಟಿಮೀಟರ್‌ವರೆಗೂ ಇಳಿದಿರುತ್ತೆ, ಮೂರು ತಿಂಗಳ ಬೆಳವಣಿಗೆಯ ಅರ್ಧ ಅಲ್ಲೇ ಹೋಯ್ತು. ಕೂತ ಎತ್ತರಕ್ಕೆ ಗೋಡೆಗೆ ಸ್ಟೂಲ್ ಒತ್ತಿ, ಬೆನ್ನು ಗೋಡೆಗೆ ತಾಗಿಸಿ, ನೆಲದಿಂದ ನೆತ್ತಿವರೆಗೆ ಅಳೆದು ಸ್ಟೂಲಿನ ಎತ್ತರ ಕಳೆಯಿರಿ. ಪ್ರತಿ ಸಲ ಅದೇ ಸ್ಟೂಲ್, ಮೇಲೆ ದಿಂಬು ಗಿಂಬು ಬೇಡ.