ಮುತ್ಯಾನ ಬೆನ್ನಿನ ಕೆಂಪು ಕಲೆ: ವೈನಿ ಕೇಳಿದ್ದಕ್ಕೆ

ವೈನಿ, ನೀವು ಹಾಕಿದ ಫೋಟೋ ನೋಡಿದೆ. ಹಾಸಿಗೆ ಹಿಡಿದಿರುವ ಮುತ್ಯಾಗೆ (ನಮ್ಮ ಅಜ್ಜನಿಗೆ) ಸೊಂಟದ ಕೆಳಗೆ ಕೆಂಪಗಾಗಿದೆ, ಕೊಬ್ಬರಿ ಎಣ್ಣೆ ಹಚ್ಚಿ ತಿಕ್ಕಲಾ ಅಂತ ಕೇಳಿದ್ದೀರಿ. ಬೇಡ, ತಿಕ್ಕಲೇಬೇಡಿ. ಕಾಕಾ, ನೀವೂ ಕೇಳಿಸಿಕೊಳ್ಳಿ, ಆ ಎಣ್ಣೆ ಐಡಿಯಾ ನಿಮ್ಮದೇ ಅಲ್ವಾ?

ಮೊದಲು ಆ ಜಾಗದ ಮೇಲೆ ಬೆರಳಿಟ್ಟು ಎರಡು ಮೂರು ಸೆಕೆಂಡ್ ಒತ್ತಿ ಬಿಡಿ. ಬಿಳಿಚಿಕೊಂಡು ಮತ್ತೆ ಕೆಂಪಾದರೆ ರಕ್ತ ಇನ್ನೂ ಓಡಾಡುತ್ತಿದೆ. ಒತ್ತಿದರೂ ಕೆಂಪಗೇ ಉಳಿದರೆ ಬೆಡ್ ಸೋರ್, ಅಂದರೆ ಮಲಗಿದಲ್ಲೇ ಒತ್ತಿ ಆಗುವ ಹುಣ್ಣು, ಶುರುವಾಗಿದೆ ಅಂತಲೇ. ನಮ್ಮಂಥ ಕಪ್ಪು ಮೈಯಲ್ಲಿ ಕೆಂಪು ಸರಿಯಾಗಿ ಕಾಣುವುದಿಲ್ಲ. ಸುತ್ತಲಿಗಿಂತ ಬಿಸಿ ಇದೆಯಾ, ಗಟ್ಟಿ ಇದೆಯಾ ಅಂತ ಮುಟ್ಟಿ ನೋಡಿ.

ಮೂಳೆಗೂ ಹಾಸಿಗೆಗೂ ನಡುವೆ ಚರ್ಮ ಸಿಕ್ಕಿಕೊಂಡು ರಕ್ತ ಹೋಗದೆ ಹೀಗಾಗುತ್ತದೆ. ಒಳಗೆ ಮೊದಲೇ ಪೆಟ್ಟಾಗಿರುತ್ತದೆ, ತಿಕ್ಕಿದರೆ ಇನ್ನೂ ಜಾಸ್ತಿ. ಎಣ್ಣೆ, ಪೌಡರ್, ಮುಲಾಮು ಎಲ್ಲ ಆಮೇಲೆ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ಅದೇ ಔಷಧ. ಸದ್ಯಕ್ಕೆ ಎಡ, ಬಲ ಮಾತ್ರ. ಅಂಗಾತ ಬೇಡ. ಹಾಗಂತ ಪೂರ್ತಿ ಪಕ್ಕಕ್ಕೂ ಹೊರಳಿಸಬೇಡಿ, ಸೊಂಟದ ಪಕ್ಕದ ಮೂಳೆ ಒತ್ತುತ್ತದೆ. ಬೆನ್ನ ಹಿಂದೆ ದಿಂಬು ಕೊಟ್ಟು 30 ಡಿಗ್ರಿ ವಾಲಿಸಿದರೆ ಸಾಕು. ಮೊಣಕಾಲ ನಡುವೆ ಒಂದು ದಿಂಬು, ಮೀನಖಂಡದ ಕೆಳಗೆ ಇನ್ನೊಂದು. ಹಿಮ್ಮಡಿ ಹಾಸಿಗೆಗೆ ತಾಗಬಾರದು. ಮೇಲಕ್ಕೆ ಸರಿಸುವಾಗ ಕಂಕುಳಿಗೆ ಕೈ ಹಾಕಿ ಎಳೆಯಬೇಡಿ. ಕೆಳಗೆ ಒಂದು ಬೆಡ್‌ಶೀಟ್ ಅಡ್ಡ ಹಾಸಿಟ್ಟಿರಿ, ಇಬ್ಬರು ಎರಡೂ ಕಡೆ ಹಿಡಿದು ಎತ್ತಿ ಸರಿಸಿ.

ಏರ್ ಬೆಡ್ ತಂದಿದ್ದು ಒಳ್ಳೆಯದಾಯಿತು. ಆದರೆ ಅದರ ಮೇಲೆ ಕೌದಿ ಹಾಸಿದ್ದೀರಲ್ಲ, ತೆಗೆದುಬಿಡಿ. ಅಷ್ಟು ದಪ್ಪ ಹಾಸಿದರೆ ಬೆಡ್ ಇದ್ದೂ ಇಲ್ಲದಂತೆ, ಅದರ ಹೊಲಿಗೆ ಬೇರೆ ಚರ್ಮಕ್ಕೆ ಅಚ್ಚೊತ್ತುತ್ತದೆ. ತೆಳು ಕಾಟನ್ ಬೆಡ್‌ಶೀಟ್ ಸಾಕು, ಸುಕ್ಕಿಲ್ಲದೆ. ಕರೆಂಟ್ ಹೋದಾಗ ಗಾಳಿ ಇಳಿದಿದೆಯಾ ನೋಡಿ. ಬೆಡ್ ಇದೆ ಅಂತ ಹೊರಳಿಸುವುದು ಬಿಡುವ ಹಾಗಿಲ್ಲ. ಇನ್ನು ನಡುವೆ ತೂತಿರುವ ಆ ಟ್ಯೂಬ್ ದಿಂಬು, ಸುಮ್ನೆ ದುಡ್ಡು ದಂಡ ಕಾಕಾ. ಅಂಚು ಒತ್ತಿ ನಡುವಿನ ಚರ್ಮಕ್ಕೆ ರಕ್ತ ಇನ್ನೂ ಕಡಿಮೆಯಾಗುತ್ತದೆ.

ಕಲಬುರಗಿ ಬಿಸಿಲಿಗೆ ಬೆವರು ನಿಲ್ಲುವುದಿಲ್ಲ, ಒದ್ದೆ ಚರ್ಮ ಬೇಗ ಸುಲಿಯುತ್ತದೆ. ಡೈಪರ್ ನೆನೆದ ಕೂಡಲೇ ಬದಲಿಸಿ, ಉಜ್ಜದೆ ಒತ್ತಿ ಒರೆಸಿ. ಬರೀ ಗಂಜಿ ಕೊಟ್ಟರೆ ಹುಣ್ಣು ಮಾಯುವುದಿಲ್ಲ. ತೊಗರಿಬೇಳೆ ಕಟ್ಟು ಮಾಡಿ, ಮೊಸರಲ್ಲಿ ರೊಟ್ಟಿ ನೆನೆಸಿ ಕಿವುಚಿ ಕೊಡಿ. ಆದರೆ ಮಲಗಿದಲ್ಲೇ ಬಾಯಿಗೆ ಹೊಯ್ಯಬೇಡಿ. ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ. ಕೂರಿಸಿ ತಿನ್ನಿಸಿ, ಆಮೇಲೂ ಅರ್ಧ ಗಂಟೆ ಹಾಗೇ ಇರಲಿ.

ಫೋಟೋದಲ್ಲಿ ಮೂತ್ರದ ಪೈಪಿನ ಚೀಲ ಹಾಸಿಗೆ ಮೇಲೆ ಕಾಣಿಸಿತು. ಅದು ಯಾವಾಗಲೂ ಹೊಟ್ಟೆಗಿಂತ ಕೆಳಗೆ ತೂಗಬೇಕು, ನೆಲಕ್ಕೂ ತಾಗಬಾರದು. ಮೇಲಿಟ್ಟರೆ ಮೂತ್ರ ವಾಪಸ್ ಹೋಗಿ ಸೋಂಕಾಗುತ್ತದೆ. ಚೀಲ ಮುಟ್ಟುವ ಮೊದಲೂ ಆಮೇಲೂ ಸೋಪಿನಿಂದ ಕೈ ತೊಳೆಯಿರಿ, 40 ಸೆಕೆಂಡಾದರೂ ಬೇಕು. ನೋಡಲು ಬರುವವರಿಗೂ ಸೋಪು ತೋರಿಸಿ. ಬೇಜಾರಾದರೆ ಆಗಲಿ, ನನ್ನ ಹೆಸರು ಹೇಳಿ.

ಬೊಬ್ಬೆ ಎದ್ದರೆ ಒಡೆಯಬೇಡಿ. ಚರ್ಮ ಕಿತ್ತರೆ, ಕಪ್ಪಾದರೆ, ವಾಸನೆ ಬಂದರೆ, ಜ್ವರ ಬಂದರೆ ಅವತ್ತೇ ಡಾಕ್ಟರಿಗೆ ತೋರಿಸಿ.

ರಾತ್ರಿ ಪಾಳಿ ವೈನಿ ಒಬ್ಬರ ಮೇಲೇ ಬಿಡಬೇಡಿ. 10ಕ್ಕೆ, 12ಕ್ಕೆ ವೈನಿ ನೋಡಲಿ. 2ಕ್ಕೆ, 4ಕ್ಕೆ ಕಾಕಾ, ಹೇಗೂ ನಿಮಗೆ ನಿದ್ದೆ ಬರುವುದಿಲ್ಲ ಅಂತೀರಲ್ಲ. ಯಾವ ಮಗ್ಗುಲು, ಎಷ್ಟೊತ್ತಿಗೆ ಅಂತ ಗೋಡೆಗೆ ಒಂದು ಹಾಳೆ ಅಂಟಿಸಿ ಬರೆಯಿರಿ. ನಾಳೆ ಡ್ಯೂಟಿ ಮುಗಿಸಿ ಬಂದು ನೋಡುತ್ತೇನೆ.